ಔರಾದ ಬಯಲಿನ ಶುದ್ಧ ಗೆರೆಗಳು

1986ರಲ್ಲಿ ನಾನು ಬೀದರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಜೊತೆಗೆ ಭೂಮಿಯ ಕಾಂತಕ್ಷೇತ್ರದ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಎರಡು ಮ್ಯಾಗ್ನೆಟೋಮೀಟರ್‌ಗಳ ಹೊಣೆಯೂ ನನ್ನ ಹೆಗಲಿಗೆ ಬಿದ್ದಿತ್ತು. ಒಂದು ಕಾಲೇಜಿನ ಹಿತ್ತಲಿನಲ್ಲಿ, ಇನ್ನೊಂದು ಔರಾದ ಹತ್ತಿರ, ಕುರಿ ಸಾಕುವವರ ಹದಿನಾಲ್ಕು ಮನೆಗಳ ವಸ್ತಿಯ ಪಕ್ಕದ ಗುಡಿಸಲಿನಲ್ಲಿ.

ಭೂಮಿಯ ಕಾಂತರೇಖೆಗಳು ಆಕಾಶದಲ್ಲಿ ಕಮಾನಿನಂತೆ ಬಾಗಿರುತ್ತವೆ. ಅವುಗಳ ಉದ್ದಕ್ಕೂ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಅನಿಲ, ಒಂದೆಡೆ ದಟ್ಟ, ಇನ್ನೊಂದೆಡೆ ವಿರಳ. ರೇಖೆಗಳು ಬಿಗಿದ ತಂತಿಯಂತೆ ಕಂಪಿಸುತ್ತವೆ. ಭಾರ ಎಲ್ಲೆಲ್ಲಿ ಎಷ್ಟಿದೆ ಎಂಬುದರ ಮೇಲೆ ಲಯ ಬದಲಾಗುತ್ತದೆ. ಎರಡು ಕಡೆಯ ದಾಖಲೆ ಹೋಲಿಸಿ ಆ ಲಯ ಹಿಡಿದರೆ ಸಾಂದ್ರತೆಯನ್ನು ಅಂದಾಜು ಮಾಡಬಹುದು. ನಮ್ಮ ಸೀಮೆಯಲ್ಲಿ ಈ ಸಂಕೇತ ತೀರ ಕ್ಷೀಣ. ಪಕ್ಕದಲ್ಲಿ ಗಾಡಿಯ ಕಬ್ಬಿಣದ ಪಟ್ಟಿ ಹಾದುಹೋದರೂ ಗೆರೆ ಕೆಡುತ್ತಿತ್ತು. ನನ್ನ ಕಾಟ ತಾಳಲಾರದೆ ವಸ್ತಿಯವರೇ ಒಂದು ರೂಢಿ ಮಾಡಿಕೊಂಡಿದ್ದರು: ಗುಡಿಸಲಿನ ದಾರಿಗೆ ಬರುವ ಮೊದಲು ಕುಡುಗೋಲು, ಕೊಡಲಿಗಳನ್ನು ಬೇವಿನ ಟೊಂಗೆಗೆ ಸಿಕ್ಕಿಸುವುದು.

ಆ ವರ್ಷವೂ ಮಳೆ ಕೈಕೊಟ್ಟಿತು, ವಸ್ತಿಯ ಬಾವಿ ಬತ್ತಿತು. ಕೊಳವೆಬಾವಿ ಕೊರೆಯುವ ಯಂತ್ರ ಬರುವುದೆಂದಾಯಿತು, ಅದೂ ಒಂದೇ ದಿನಕ್ಕೆ. ನೀರಿನ ಸೆಲೆ ಹುಡುಕಲು ಬಂದ ಸರ್ಕಾರಿ ಭೂವಿಜ್ಞಾನಿ ಸುಣ್ಣದ ಗುರುತು ಹಾಕಿದ್ದು ನನ್ನ ಗುಡಿಸಲಿನಿಂದ ಮೂವತ್ತೇ ಹೆಜ್ಜೆ ದೂರ. ನನಗೆ ತಲೆ ಕೆಟ್ಟುಹೋಯಿತು. ನೀರು ಬಿದ್ದರೆ ದಿನವಿಡೀ ಗಾಡಿ, ಕಬ್ಬಿಣದ ಡ್ರಮ್ಮು. ನನ್ನ ಐದು ತಿಂಗಳ ಕೆಲಸ ಮಣ್ಣುಪಾಲು. ತಾಲೂಕು ಕಚೇರಿಗೆ ಎರಡು ಸಲ ಅಲೆದು ಆಕ್ಷೇಪಣೆ ಬರೆದುಕೊಟ್ಟೆ.

ವಸ್ತಿಯ ಹಿರಿಯಳು ಮಾಳಮ್ಮ ಬೇವಿನ ಕೆಳಗೆ ಕೂತು ಒಂದೇ ಮಾತು ಕೇಳಿದಳು: "ಸಾಹೇಬ್ರ, ನಿಮ್ಮ ಗುಡಿಸಲಾ ಸರಸ್ಲಿಕ್ಕ ಬರ್ತದರಿ. ನೆಲದಾಗಿನ ನೀರು ಸರೀತದೇನ್ರಿ?"

ಜಾಗ ಬದಲಿಸಿದರೆ ಹಳೆಯ ದಾಖಲೆಗೂ ಹೊಸದಕ್ಕೂ ಹೋಲಿಕೆ ತಪ್ಪುತ್ತದೆ ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡು ಎದ್ದುಹೋದಳು.

ನನ್ನ ಪೀಡೆ ತಪ್ಪಿದರೆ ಸಾಕೆಂದು ಭೂವಿಜ್ಞಾನಿ ಗುರುತನ್ನು ಹಳ್ಳದ ಆಚೆಗೆ ಹಾಕಿದರು. ಯಂತ್ರ ಸಂಜೆಯವರೆಗೆ ಕೊರೆಯಿತು. ಬಂದದ್ದು ಬರೀ ಬಿಳಿ ಧೂಳು. ಯಂತ್ರ ಮುಂದಿನ ಊರಿಗೆ ಹೋಯಿತು. ನಾನು ಕಚೇರಿಯನ್ನು ಬೈದೆ, ಭೂವಿಜ್ಞಾನಿಯನ್ನು ಬೈದೆ, ಮುಗಿಲನ್ನೂ ಬೈದೆ. ಗುಡಿಸಲು ಕಿತ್ತು ಬೇರೆಡೆ ಕಟ್ಟಲು ಅರ್ಧ ದಿನ ಸಾಕಿತ್ತೆಂಬುದು ಗೊತ್ತಿದ್ದೂ ಬಾಯಿಗೆ ಬರಲಿಲ್ಲ.

ಹದಿನೈದು ದಿನಗಳಲ್ಲಿ ವಸ್ತಿ ಖಾಲಿಯಾಯಿತು. ಕುರಿಗಳನ್ನು ಭಾಲ್ಕಿ ಸಂತೆಯಲ್ಲಿ ಮಾರಿ, ಅಲ್ಲಿಂದಲೇ ರೈಲು ಹತ್ತಿ ಹೈದರಾಬಾದಿನ ಕಡೆ ಹೋದರಂತೆ. ಬೇವಿನ ಟೊಂಗೆಯಲ್ಲಿ ಒಂದು ಕುಡುಗೋಲೂ ಇರಲಿಲ್ಲ.

ಆಮೇಲಿನ ದಾಖಲೆಯಷ್ಟು ಶುದ್ಧವಾದ ಗೆರೆಗಳನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಮೂರು ಲಯಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ನನ್ನ ಪ್ರಬಂಧವನ್ನು ಪರಿಶೀಲಿಸಿದವರು, ಇಷ್ಟು ನಿಶ್ಶಬ್ದವಾದ ಜಾಗ ಹೇಗೆ ಸಿಕ್ಕಿತೆಂದು ಮೆಚ್ಚಿ ಕೇಳಿದ್ದರು.

ಆಮೇಲೆ ನಿವೃತ್ತನಾಗುವವರೆಗೆ ಎಲ್ಲಿ ಯಂತ್ರ ಇಡಲು ಹೋದರೂ ಊರವರನ್ನು ಮೊದಲು ಕೇಳುತ್ತಿದ್ದದ್ದು ನೀರು ಎಲ್ಲಿದೆ ಎಂದು. ಸರಿಯಬೇಕಾದವನು ನಾನು ಎಂಬುದನ್ನು ಈ ಕೆಲಸ ನನಗೆ ಕಲಿಸಿತು, ಹದಿನಾಲ್ಕು ಮನೆಗಳು ಸರಿದುಹೋದ ಮೇಲೆ.