ಅಜ್ಮತ್ ಉಲ್ಲಾನ ಯಂತ್ರಕ್ಕೆ ಕಂಪನಿ ಕೈಮುಗಿದದ್ದು

ಚಾಮರಾಜನಗರದ ಅಜ್ಮತ್ ಉಲ್ಲಾ, ಕಂಪನಿ ಮಾಲು ಎಂದರೆ ನಂಬುವ ಆಸಾಮಿ. ನಂಬದೆ ಏನು ಮಾಡಿಯಾನು? ರೇಷ್ಮೆಗೂಡಿನಿಂದ ನೂಲು ಬಿಚ್ಚುವುದು ಅವನ ಕಸುಬು. ಅಪ್ಪ ಹರಾಜಿನಲ್ಲಿ ಹಿಡಿದು ತಂದ ಜಪಾನಿನ ಯಂತ್ರ ಅವನ ಕಾಲಕ್ಕೂ ಕೆಮ್ಮದೆ ಕ್ಯಾಕರಿಸದೆ ತಿರುಗುತ್ತಿತ್ತು. ಅದರ ಮೈಮೇಲೆ 'ಕಿಯೋಮಾ' ಎಂಬ ಹೆಸರು, ಪಕ್ಕಕ್ಕೊಂದು ಹಿಪ್ಪುನೇರಳೆ ಎಲೆ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಭೀಮನಬೀಡಿನಿಂದ ತಂದ ಗೂಡು ಮನೆ ತುಂಬ ಇರುವಾಗಲೇ, ಯಂತ್ರದ ಹಲ್ಲುಚಕ್ರ ಫಟ್ಟೆಂದು ಸೀಳಿತು. ಗೂಡು ಕಾಯುವ ಪದಾರ್ಥವೇ? ನಾಲ್ಕೈದು ದಿನ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ. ತೂತುಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ಗುಂಡ್ಲುಪೇಟೆಯ ಲೇತ್ ಮಂಟೇಸ್ವಾಮಿಯ ಹತ್ತಿರ ಹೊಸ ಚಕ್ರ ಮಾಡಿಸಿಕೊಂಡು ಬನ್ನಿ ಎಂದು ಹೆಂಡತಿ ಫಖ್ರುನ್ನೀಸಾ ಮನೆಮಾತಾದ ಉರ್ದುವಿನಲ್ಲೇ ಗದರಿ ಕಳಿಸಿದಳು.

ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ತೆರೆದಿದ್ದ ಮೊಬೈಲ್ ಅಂಗಡಿ ನೋಡಿ ಅವನು ನಿಂತೇಬಿಟ್ಟ. ಅದೇ ಹೆಸರು, ಅದೇ ಎಲೆ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಅನ್ನಿಸಿತು. ಒಳಗೆ ಗೋಡೆಯ ಮೇಲೆ ಕಂಪನಿಯ ಚರಿತ್ರೆ ಚಿತ್ರಗಳಲ್ಲಿತ್ತು. ಮೊದಲ ಚಿತ್ರದಲ್ಲೇ ಅವನ ಯಂತ್ರ.

"ಅಯ್ಯೋ, ಇದು ನಮ್ಮನೇದು ಕಣಮ್ಮ!"

ಕೌಂಟರಿನಲ್ಲಿದ್ದ ಪುಣಜನೂರಿನ ಹುಡುಗಿ ಶಾಂತಿ ನಕ್ಕಳು. "ಅದು ಕಂಪ್ನಿ ಶುರುವಾದಾಗ ಮಾಡ್ತಿದ್ದುದು ಸಾರ್. ಆಮೇಲೆ ರೇಡಿಯೋ, ಟೀವಿ. ಈಗ ಫೋನು."

"ಒಳ್ಳೇದಾಯ್ತು. ಹಲ್ಲುಚಕ್ರ ಒಂದು ಕೊಡು."

"ಚಕ್ರ ಇಲ್ಲ ಸಾರ್. ಫೋನಿಗೆ ಕವರ್ ಅದೆ."

ಆದರೂ ಪಾಪ, ಒಳ್ಳೆಯ ಹುಡುಗಿ, ಕಂಪ್ಯೂಟರಿನಲ್ಲಿ ಕಂಪ್ಲೇಂಟ್ ಹಾಕಿದಳು. ಮಾರನೇ ದಿನವೇ ಬೆಂಗಳೂರಿನಿಂದ ಮನೆಯ ಫೋನಿಗೆ ಕರೆ ಬಂತು: ಯಂತ್ರ ಮುಟ್ಟಬೇಡಿ, ನಾವೇ ಬರುತ್ತೇವೆ. ಅಜ್ಮತ್ ಉಲ್ಲಾ ಬೀಗಿದ್ದೇ ಬೀಗಿದ್ದು. ಹೆತ್ತವರೇ ಬರುವಾಗ ಗುಂಡ್ಲುಪೇಟೆಯ ಲೇತಿಗೆ ಯಾಕೆ ಹೋಗಬೇಕು? ಪಕ್ಕದವರು ನಮ್ಮ ಯಂತ್ರದಲ್ಲೇ ಬಿಚ್ಚಿಕೊಳ್ಳಿ ಎಂದರೂ ಒಲ್ಲೆನೆಂದ. ಫಖ್ರುನ್ನೀಸಾ ಗೂಡಿನ ತಟ್ಟೆ ನೋಡಿ ನೋಡಿ ಹಣೆ ಚಚ್ಚಿಕೊಂಡಳು.

ಕಂಪನಿ ಬಂದದ್ದು ನಾಲ್ಕನೆಯ ದಿನ, ಕಾರಿನಲ್ಲಿ, ಕ್ಯಾಮರಾ ಸಮೇತ. ಬಂದ ಅಧಿಕಾರಿ ಬೂಟು ಬಿಚ್ಚಿ ಒಳಗೆ ಹೋಗಿ ಯಂತ್ರಕ್ಕೆ ಕೈಮುಗಿದ. ಅಜ್ಮತ್ ಉಲ್ಲಾ ಕಕ್ಕಾಬಿಕ್ಕಿಯಾದ. ಇವನು ರಿಪೇರಿಗೆ ಬಂದನೋ, ಹರಕೆಗೆ ಬಂದನೋ?

"ಚಕ್ರ ತಂದ್ರಾ ಸಾರ್?"

"ಚಕ್ರವೇ? ಅದನ್ನ ಮಾಡೋಕೆ ಬರೋರು ನಮ್ಮಲ್ಲಿ ಈಗ ಯಾರೂ ಇಲ್ಲ. ಇದು ನಮ್ಮ ಕಂಪನಿಗೆ ಅಜ್ಜ ಇದ್ದ ಹಾಗೆ. ಕೊಡಿ, ಗಾಜಿನ ಮನೆ ಕಟ್ಟಿ ಇಡ್ತೀವಿ."

"ಅಜ್ಜ ಅಂತೀರಿ, ಕಾಲು ಮುರ್ಕೊಂಡು ಬಿದ್ದವ್ನೆ. ವಾಸಿ ಮಾಡೋದು ಬುಟ್ಟು ಗಾಜಿನ್ ಮನೆ ಯಾಕ್ ಸಾರ್?"

ಅಧಿಕಾರಿ ನೆನಪಿಗಿರಲಿ ಎಂದು, ಶಾಂತಿಯ ಅಂಗಡಿಯಿಂದಲೇ ತಂದ, ಸಿಮ್ ಹಾಕಿದ ಹೊಸ ಫೋನೊಂದನ್ನು ಅವನ ಕೈಗಿಟ್ಟ. ಹೆಮ್ಮೆ ಪಡಬೇಕೋ ಸಿಟ್ಟಾಗಬೇಕೋ ಅಜ್ಮತ್ ಉಲ್ಲಾನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಫಖ್ರುನ್ನೀಸಾ ಚೀರಿದಳು. ತಟ್ಟೆ ತಟ್ಟೆಯಲ್ಲೂ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತ ತೆವಳುತ್ತಿದ್ದವು.

"ಆಹಾ, ಎಷ್ಟು ಚೆಂದ!" ಎಂದು ಅಧಿಕಾರಿ ಫೋಟೋ ತೆಗೆದುಕೊಂಡ. ಅಜ್ಮತ್ ಉಲ್ಲಾನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಂತ್ರ ಕೊಡಲ್ಲ ಎಂದಷ್ಟೇ ಹೇಳಿ, ಸೀಳಿದ ಚಕ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದ.

ತೆರಕಣಾಂಬಿ ದಾಟುವಾಗ ಜೇಬಿನಲ್ಲಿ ಹೊಸ ಫೋನು ಬಡಿದುಕೊಂಡಿತು. ಶಾಂತಿ.

"ಸಾರ್, ನಿಮ್ ಕಂಪ್ಲೇಂಟ್ ಮುಗೀತು ಅಂತ ಬಂದದೆ. ನಿಮ್ಗೆ ತೃಪ್ತಿಯಾಯ್ತಾ?"

"ಕಂಪ್ನಿಯೋರು ನಮ್ ಯಂತ್ರಕ್ಕೆ ಕೈಮುಗಿದ್ರು ಕಣಮ್ಮ. ಗೂಡೆಲ್ಲ ತೂತು ಬಿದ್ದೋಯ್ತು."

"ಏನಂತ ಒತ್ಲಿ ಸಾರ್? ಕಂಪ್ಯೂಟರಲ್ಲಿ ಎರಡೇ ಬಟನ್ ಇರೋದು, ಹೌದು, ಇಲ್ಲ."

ಅಜ್ಮತ್ ಉಲ್ಲಾ ತೊಡೆಯ ಮೇಲಿನ ಚಕ್ರ ನೋಡಿದ.

"ನಂಗೂ ಗೊತ್ತಾಯ್ತಿಲ್ಲ ಕಣಮ್ಮ. ನಿಮ್ ಕಂಪ್ನಿಯೋರನ್ನೇ ಕೇಳು."