ಮಿರ್ಚಿ ಕಟ್ಟಿದ ಹಾಳೆ

ಬಿಸಿ ಮಿರ್ಚಿ ಭಜಿಯ ಎಣ್ಣೆ ಸುದ್ದಿಪತ್ರಿಕೆಗೆ ಇಳಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು: ಅರ್ಧ ಮೆಣಸಿನಕಾಯಿ, ಅರ್ಧ ಮುದ್ರಣದ ಮಸಿ. ಮೊನ್ನೆ ಕಾರ್ಖಾನೆಗಳ ಊರಾದ ಭೋಸರಿಯ ಗಲ್ಲಿಯೊಂದರಲ್ಲಿ ಅದು ಮೂಗಿಗೆ ಬಡಿಯಿತು. ಹೀಗೆ ಕಟ್ಟಿದ್ದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಪತ್ರಿಕೆಯವರಾದ ನಾವೇ ನಾಲ್ಕಾರು ಸಲ ಬರೆದಿದ್ದೇವೆ. ಬರೆದ ಹಾಳೆಯಲ್ಲೇ ಕಟ್ಟಿಸಿಕೊಂಡು ತಿಂದೂ ಇದ್ದೇವೆ.

ಕೆಲವು ವರ್ಷಗಳ ಹಿಂದೆ ಕಾಶೀಬಾಯಿಯವರ ಭಜಿ ಅಂಗಡಿ ಕಾರ್ಖಾನೆಗಳ ದೊಡ್ಡ ರಸ್ತೆಯಲ್ಲೇ ಇತ್ತು. ಕಲಬುರಗಿ ಕಡೆಯವರು, ಓದು ಬಾರದು. ಪತ್ರಿಕೆಯಲ್ಲಿ ಯಾವ ಸುದ್ದಿ ಯಾವ ಪುಟಕ್ಕೆ ಎಂದು ಹಂಚುವ ಕೆಲಸ ನನ್ನದು. ಒಂದು ದಿನ ಸಾವಿರಾರು ಕೋಟಿಯ ಒಡೆಯರೊಬ್ಬರು ರಾಜಕೀಯ ಪಕ್ಷ ಸೇರಿ, ‘ನನ್ನ ರಾಜಕೀಯ ಬೇರೆ, ವ್ಯಾಪಾರ ಬೇರೆ’ ಎಂದರು. ಅದು ರಾಜಕೀಯದ ಪುಟಕ್ಕೆ ಹೋಯಿತು. ಅವರ ಹೊಸ ಕಾರ್ಖಾನೆಯವರೆಗೆ ರಸ್ತೆ ಅಗಲಿಸಲು ಸರ್ಕಾರ ಒಪ್ಪಿದ ಸುದ್ದಿಯೂ ಅದೇ ದಿನ ಬಂತು. ಅದನ್ನು ವಾಣಿಜ್ಯ ಪುಟಕ್ಕೆ ಕೊಟ್ಟೆ. ಜಗತ್ತನ್ನು ಇಷ್ಟು ಅಚ್ಚುಕಟ್ಟಾಗಿ ವಿಂಗಡಿಸಿದ ಖುಷಿಗೆ ಒಂದು ಚಹಾ ಹೆಚ್ಚೇ ಕುಡಿದೆ. ಆ ಎರಡು ಪುಟ ಒಂದೇ ಹಾಳೆಯ ಆಚೆ-ಈಚೆ ಎಂಬುದು ಮಾತ್ರ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಕಾಶೀಬಾಯಿ, ಎಣ್ಣೆ ಕುಡಿದು ಗಾಜಿನಂತಾಗಿದ್ದ ಆ ಹಾಳೆಯನ್ನು ಬೆಳಕಿಗೆ ಹಿಡಿದರು. ಎರಡೂ ಬದಿಯ ಫೋಟೊಗಳು ಒಟ್ಟಿಗೇ ಕಂಡವು.

“ಪೇಪರ್ ಅಣ್ಣಾರ, ಈ ಕಡೆ ಹಾರ ಹಾಕ್ಕೊಂಡು ನಗಲಿಕತ್ತಾನ, ಆ ಕಡೆ ಹೆಲ್ಮೆಟ್ ಹಾಕ್ಕೊಂಡು ನಗಲಿಕತ್ತಾನ. ಇಬ್ಬರೂ ಒಬ್ಬನ ಹೌದಲ್ರಿ?”

“ಒಬ್ಬರ. ಆದ್ರ ಸುದ್ದಿ ಬ್ಯಾರೆ ಬ್ಯಾರೆ.”

“ಬ್ಯಾರೆ ಹ್ಯಾಂಗ್ರಿ? ರಸ್ತಾ ಅಳೀಲಿಕ್ಕ ಟೇಪ್ ಹಿಡ್ಕೊಂಡು ಬಂದವರು ನನ್ನ ಒಲಿ ಹಿಂದ ಸುಣ್ಣದ ಗೆರಿ ಎಳದು ಹೋಗ್ಯಾರ. ಈಗ ಯಾರಿಗಿ ಕೇಳ್ಲಿ, ಹಾರದಾಂವಗೋ, ಹೆಲ್ಮೆಟಿನಾಂವಗೋ?”

ಪಕ್ಷಕ್ಕೂ ರಸ್ತೆಗೂ ನಂಟಿದೆ ಎಂಬ ದಾಖಲೆ ನನ್ನ ಬಳಿ ಇರಲಿಲ್ಲ, ಇಂದಿಗೂ ಇಲ್ಲ. ನಂಟಿಲ್ಲ ಎಂಬ ದಾಖಲೆಯೂ ಇರಲಿಲ್ಲ. ಹುಡುಕಬೇಕಾದವನು ನಾನು, ನಡುವೆ ಒಂದು ಹಾಳೆಯ ಗೋಡೆ ಕಟ್ಟಿ ಕೈ ತೊಳೆದುಕೊಂಡಿದ್ದೆ. ರಸ್ತೆ ಬಂತು. ಅಂಗಡಿ ಈ ಗಲ್ಲಿಗೆ ಸರಿಯಿತು, ಗಿರಾಕಿಗಳು ಅರ್ಧಕ್ಕಿಳಿದರು.

ಮೊನ್ನೆ ಅವರ ಬಾಣಲೆಯ ಮುಂದೆ ನಿಂತಿದ್ದಾಗಲೇ ಕಚೇರಿಯಿಂದ ಫೋನು. ಇನ್ನೊಬ್ಬ ಕುಬೇರರಿಗೆ ಚುನಾವಣೆಯ ಟಿಕೆಟ್ ಸಿಕ್ಕಿದೆ. ಅವರ ಕಂಪನಿ ಸರ್ಕಾರಿ ಗುತ್ತಿಗೆಯೊಂದಕ್ಕೆ ಅರ್ಜಿ ಹಾಕಿದೆ. ಯಾವುದು ಯಾವ ಪುಟಕ್ಕೆ?

“ಎರಡೂ ಒಂದ ಪುಟದಾಗ, ಬಾಜೂಕ ಬಾಜೂಕ ಇಡ್ರಿ. ಗುತ್ತಿಗಿ ಕೊಡೂದು ಯಾರ ಕೈಯಾಗ ಅದ ಅಂತನೂ ಕೇಳಿ ಬರೀರಿ,” ಎಂದೆ.

ಕಾಶೀಬಾಯಿ ತೂತಿನ ಸೌಟಿನಲ್ಲಿ ಭಜಿಯ ಎಣ್ಣೆ ಬಸಿಯುತ್ತ ತಲೆಯೆತ್ತಿದರು.

“ಛಲೋ ಆತು ಬಿಡ್ರಿ ಅಣ್ಣಾರ. ಎರಡೂ ಕೂಡಿ ಕಾಣ್ಲಿಕ್ಕ ಇನ್ನ ಹಾಳಿಗಿ ಎಣ್ಣಿ ಕುಡಸೂದು ಬ್ಯಾಡ, ಈಗರೆ ನನ್ನ ಎಣ್ಣಿ ಉಳೀತು.”