ಅವ್ವನ ಸೀರೆಯ ಬೇಲಿ

ಸ್ನೇಹಿತರೇ, ಮೇಕೆಗೆ ಹೆದರಿ ಗಿಡಗಳ ಸುತ್ತ ಹಳೇ ಸೀರೆ ಕಟ್ಟುವವರು ಇದನ್ನು ಕೇಳಿ. ಯಲ್ಲದಕೆರೆಯ ನಮ್ಮ ಹಿತ್ತಲಲ್ಲಿ ಹೋದ ವಾರ ಗುಂಡಿ ತೆಗೆದು, ಗೊಬ್ಬರ ಹಾಕಿ ಮಾವಿನ ಸಸಿಗಳನ್ನು ನೆಟ್ಟಿದ್ದೆವು. ಸುತ್ತ ಕೋಲು ನಿಲ್ಲಿಸಿ, ಈಚೆಗೆ ತೀರಿಕೊಂಡ ಅವ್ವನ ಸೀರೆಗಳನ್ನೇ ಅಪ್ಪ ಬೇಲಿಯಾಗಿ ಕಟ್ಟಿದ್ದರು. ಗಾಳಿಗೆ ಸೀರೆ ಪಟಪಟ ಅಂದರೆ ಸಾಕು, ಊರಿನ ಮೇಕೆಗಳು ದೂರ ಸರಿಯುತ್ತಿದ್ದವು.

ಇವತ್ತು ಬೆಳಗ್ಗೆ ನಮ್ಮದೇ ಮೇಕೆ ಒಳಗೆ ನುಗ್ಗಿತ್ತು. ಹುಟ್ಟಿದಾಗಲೇ ತಾಯಿ ಸತ್ತಿದ್ದರಿಂದ ಅದನ್ನು ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಒಂದು ಸಸಿಯ ಚಿಗುರನ್ನೆಲ್ಲ ಮೇಯ್ದು, ಸೀರೆಗೆ ಮುಖ ಒತ್ತಿಕೊಂಡು ಮಲಗಿತ್ತು. ಅಪ್ಪ ಕೋಲು ಹಿಡಿದು ಸುಮ್ಮನೆ ನಿಂತಿದ್ದರು.

“ಓಡ್ಸಪ್ಪ ಅದನ್ನ, ಗಿಡ ಪೂರ್ತಿ ಹಾಳಾತು” ಎಂದು ರೇಗಿದೆ.

“ಹೆಂಗ್ ಓಡಿಸ್ಲಿ? ಇದು ಬೇಲಿ ಅಂತ ಅದಕ್ಕೇನು ಗೊತ್ತು. ವಾಸ್ನೆ ಹಿಡ್ಕಂಡು, ನಿಮ್ಮವ್ವ ನಿಂತವ್ಳೆ ಅಂತ ಬಂದೈತೆ.”

ಮೇಕೆ ಎದ್ದು ಹೋದ ಮೇಲೆ, ಅಪ್ಪ ಆಚೆ ತಿರುಗಿದಾಗ, ನಾನೂ ಆ ಸೀರೆಗೆ ಮೂಗಿಟ್ಟು ನೋಡಿದೆ. ನನಗೆ ಮೇಕೆಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.